ಮೇಣದ ಮೇಲೆ ಮೂಡಿದ ಮೇಳ

ವಿಜಯನಗರದಲ್ಲಾಗಲಿ ರಾಜಾಜಿನಗರದಲ್ಲಾಗಲಿ ಇಂದು ಹಾಡೊಂದರ ಧ್ವನಿಮುದ್ರಣ ನಡೆಯುವಾಗ ವಾದಕರೆಲ್ಲ ಒಟ್ಟಿಗೆ ಕೂಡಬೇಕೆಂಬ ನಿಯಮವೇನೂ ಇಲ್ಲ. ತಬಲದವರು ಬೆಳಿಗ್ಗೆ ನುಡಿಸಿ ಹೋದರೆ ಕೊಳಲಿನವರು ಸಂಜೆ ಬರುತ್ತಾರೆ. ಹಾಡುವವರಿಗೆ ಈ ಇಬ್ಬರ ಮುಖಪರಿಚಯವೂ ಇರಬೇಕಾಗಿಲ್ಲ. ಮೇಳವೆಂದರೆ ಕೂಡುವುದೇ ಆಗಿದ್ದ ಕಾಲದ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಅದು ನಡೆದದ್ದು ಲಂಡನ್ನಿನಲ್ಲಿ. ಅದಕ್ಕೆ ಹಣ ಹೋದದ್ದು ಮೈಸೂರಿನಿಂದ.

ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ನಾವೆಲ್ಲ ಬಲ್ಲೆವು. ತಾರುಣ್ಯದಲ್ಲಿ ಅವರ ಮನಸ್ಸು ಪಿಯಾನೋದಲ್ಲಿ ನೆಟ್ಟಿತ್ತೆಂಬುದನ್ನು ಬಲ್ಲವರು ಕಡಮೆ. ಅವರನ್ನು ಸೆಳೆದ ಪಾಶ್ಚಾತ್ಯ ವಾಗ್ಗೇಯಕಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1921ರಲ್ಲಿ ತಾಯ್ನಾಡನ್ನು ತೊರೆದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದವನು. ವಯಸ್ಸು ಅರವತ್ತು ದಾಟಿತ್ತು, ಹೃದಯ ದುರ್ಬಲವಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಆತನ ಕೃತಿಗಳನ್ನು ಆತನಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ಒಡೆಯರು ವಹಿಸಿಕೊಂಡರು.

ಪಿಯಾನೋ ಹಾಗೂ ವಾದ್ಯವೃಂದ ಕೂಡಿ ನುಡಿಸುವ ಮೂರು ಕಾನ್ಚೆರ್ಟೋಗಳು 1947ರಲ್ಲಿ ಮುದ್ರಣವಾದವು. ವೃಂದ, ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯ. ನಿರ್ದೇಶಕರು, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ದೊಬ್ರೊವೆನ್.

ಆ ಕಾಲದ ರೀತಿಯನ್ನು ತುಸು ವಿವರಿಸಬೇಕು. ನಾದ ಮೇಣದ ಬಿಲ್ಲೆಯ ಮೇಲೆ ಗೆರೆಯಾಗಿ ಕೊರೆಯಲ್ಪಡುತ್ತಿತ್ತು. ಹನ್ನೆರಡಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟು ಸಂಗೀತ; ದೀರ್ಘಕೃತಿಯನ್ನು ಅಷ್ಟಷ್ಟೇ ತುಂಡುಮಾಡಿ ನುಡಿಸಬೇಕು. ಹೇಗೆ ಬಂದಿದೆಯೆಂದು ಕೇಳಲು ಮೇಣದ ಮೇಲೆ ಮುಳ್ಳಿಟ್ಟರೆ ಗೆರೆಯೇ ಕೆಡುತ್ತದೆ. ನಾಲ್ಕನೆಯ ನಿಮಿಷದಲ್ಲಿ ಒಂದು ಕಹಳೆ ತಪ್ಪಿತೆನ್ನಿ, ಆ ಒಂದು ಸ್ವರವನ್ನು ತಿದ್ದುವ ಬಗೆಯಿಲ್ಲ. ಇಡೀ ವೃಂದ, ಮುದುಕನ ದಣಿದ ಬೆರಳುಗಳೂ ಸೇರಿ, ಮೊದಲಿನಿಂದ ನುಡಿಸಬೇಕು.

ಇಷ್ಟು ಕಷ್ಟಕ್ಕೆ ದೊರೆತದ್ದೇನು? ಪಿಯಾನೋ ಒಂದು ಸಂಚಾರದ ತುದಿಯಲ್ಲಿ ಕ್ಷಣಕಾಲ ತಡೆದರೆ ನಿರ್ದೇಶಕನ ಕೈ ತಡೆಯುತ್ತದೆ, ಪಿಟೀಲುಗಳ ಕಮಾನು ಕಾಯುತ್ತದೆ. ಬೇರೆ ಬೇರೆ ಮುದ್ರಿಸಿ ಹೆಣೆದಾಗ ಶ್ರುತಿ ಕೂಡುತ್ತದೆ, ಲಯ ಕೂಡುತ್ತದೆ. ಮೊದಲೇ ಮುದ್ರಿತವಾದ ವಾದ್ಯ ಮಾತ್ರ ಯಾರಿಗೂ ಕಾಯಲಾರದು. ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ಆ ತಟ್ಟೆಗಳಲ್ಲಿ ಗರಗರ ಸದ್ದುಂಟು, ಮಂದ್ರದ ನಾದ ಮಸುಕಾಗಿದೆ. ಆದರೂ ಅವನ್ನು ಕೇಳುವಾಗ, ಒಂದೇ ಕೋಣೆಯಲ್ಲಿ ಹಲವರು ಒಬ್ಬನ ಉಸಿರಿಗೆ ಕಿವಿಗೊಟ್ಟಿರುವುದು ತಿಳಿಯುತ್ತದೆ.

ಮೆಟ್ನರ್ 1951ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮೂರನೆಯ ಕಾನ್ಚೆರ್ಟೋವನ್ನು ಆತ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ.