ಸಿಲಿಕೋಸಿಸ್ (ಕಲ್ಲುಧೂಳಿನ ಶ್ವಾಸಕೋಶ ರೋಗ)

ಬೆಣಚುಕಲ್ಲು, ಗ್ರಾನೈಟ್, ಮರಳು ಮುಂತಾದವುಗಳಲ್ಲಿರುವ ಸಿಲಿಕಾ ಎಂಬ ಖನಿಜದ ನುಣ್ಣನೆಯ ಧೂಳನ್ನು ಉಸಿರಾಡುವುದರಿಂದ ಬರುವ ಉದ್ಯೋಗಜನ್ಯ ಕಾಯಿಲೆ. ಗಣಿ, ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಗ್ರಾನೈಟ್ ಪಾಲಿಷ್ ಘಟಕ, ಎರಕದ ಕಾರ್ಖಾನೆ, ಪಿಂಗಾಣಿ ಮತ್ತು ಗಾಜಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಬರುತ್ತದೆ. ಬಂದ ಮೇಲೆ ವಾಸಿ ಮಾಡುವ ಔಷಧ ಇಲ್ಲ. ಬಾರದಂತೆ ತಡೆಯುವ ದಾರಿ ಮಾತ್ರ ನೂರು ವರ್ಷಗಳಿಂದ ಗೊತ್ತಿದೆ. ಸಂಶೋಧನೆ ಕಂಡುಕೊಂಡ ಉತ್ತರ ಕೆಲಸದ ಜಾಗಕ್ಕೆ ಇಷ್ಟು ತಡವಾಗಿ ತಲುಪಿದ ಕಾಯಿಲೆಗಳು ವಿರಳ.

ರೋಗ ಬರುವ ಬಗೆ: ಕಣ್ಣಿಗೆ ಕಾಣುವ ದಪ್ಪ ಧೂಳಿನ ಬಹುಭಾಗ ಮೂಗು, ಗಂಟಲುಗಳಲ್ಲೇ ಸಿಕ್ಕಿಕೊಂಡು ಕಫದೊಂದಿಗೆ ಹೊರಬೀಳುತ್ತದೆ. ಕೇಡು ಮಾಡುವುದು ಕಾಣದ ಧೂಳು. ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ತಳದ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಆದರೆ ಸಿಲಿಕಾ ಅರಗುವುದಿಲ್ಲ. ನುಂಗಿದ ಕೋಶವೇ ಸಾಯುತ್ತದೆ, ಹೊರಬಿದ್ದ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಇದು ನಡೆಯುತ್ತಲೇ ಇದ್ದು ಮೆತ್ತಗಿದ್ದ ಅಂಗಾಂಶ ನಾರುಗಟ್ಟಿ ಗಂಟುಗಂಟಾಗುತ್ತದೆ. ಆದ್ದರಿಂದಲೇ ಕೆಲಸ ಬಿಟ್ಟು ವರ್ಷಗಳಾದ ಮೇಲೂ ರೋಗ ಬೆಳೆಯಬಹುದು.

ಸಾಮಾನ್ಯ ಬಗೆಯ ಸಿಲಿಕೋಸಿಸ್ ಕಾಣಿಸಿಕೊಳ್ಳಲು ಹತ್ತು ವರ್ಷವೋ ಇನ್ನೂ ಹೆಚ್ಚೋ ಬೇಕು. ಧೂಳು ವಿಪರೀತವಿದ್ದರೆ, ಉದಾಹರಣೆಗೆ ಬೆಣಚುಕಲ್ಲನ್ನು ಪುಡಿಮಾಡುವ ಕಡೆ, ಕೆಲವೇ ತಿಂಗಳಲ್ಲಿ ಆಳು ನೆಲಹಿಡಿದದ್ದುಂಟು. ಮೊದಲು ಒಣಕೆಮ್ಮು, ಆಮೇಲೆ ಏರು ಹತ್ತುವಾಗ ಏದುಸಿರು, ಕೊನೆಗೆ ಕೂತಲ್ಲೇ ದಮ್ಮು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಹರಳು ರೂಪದ ಸಿಲಿಕಾ ಮನುಷ್ಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು.

ಕೋಲಾರದ ಗಣಿಗಳು: ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಚಿನ್ನ ಬೇಕೆಂದರೆ ಬೆಣಚು ಒಡೆಯಲೇಬೇಕಿತ್ತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಆಳಕ್ಕಿಳಿದ ಈ ಗಣಿಗಳು ಮೂರು ಕಿಲೋಮೀಟರ್ ದಾಟಿದವು. ಬಂಡೆ ಸಿಡಿತ, ತಡೆಯಲಾಗದ ಸೆಕೆ, ಅವುಗಳ ಜೊತೆಗೆ ಸದ್ದಿಲ್ಲದ ಈ ಧೂಳು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ಇಲ್ಲಿಯೇ. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಮಿಕ್ಕಿದವರಲ್ಲಿ ರೋಗದ ಗುರುತು ಸಿಕ್ಕಿತು. ದೇಶದ ಉಳಿದ ಗಣಿಗಳು ಇದರಿಂದ ಕೂಡಲೇ ಪಾಠ ಕಲಿಯಬಹುದಿತ್ತು, ಕಲಿತದ್ದು ನಿಧಾನವಾಗಿ. 1990ರ ಸುಮಾರಿಗೆ ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ಆರಂಭವಾಗಿ ಮುಂದೆ ನಾಗಪುರಕ್ಕೆ ಹೋಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು.

ಸಂಶೋಧನೆ: ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ (1966ರಲ್ಲಿ ಬೇರೆ ಹೆಸರಿನಲ್ಲಿ ಆರಂಭ) ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ್ದು. ದಕ್ಷಿಣ ಭಾರತಕ್ಕೆ ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟ್ ಬಳಪ ಕೊಯ್ಯುವವರನ್ನು ಈ ಸಂಸ್ಥೆಯ ತಜ್ಞರು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಅಂಟಿತ್ತು. ಶಾಲೆಯ ಮಕ್ಕಳ ಕೈಯ ಬಳಪದ ಹಿಂದೆ ಇಂಥದೊಂದು ಕತೆ ಇದೆಯೆಂದು ಆಗ ಯೋಚಿಸಿದವರು ಕಡಿಮೆ. ಎಕ್ಸ್‌ರೇಯಲ್ಲಿ ಗಂಟುಗಳು ಕಾಣುವ ಮೊದಲೇ ಹಾನಿಯ ಸುಳಿವು ಹಿಡಿಯಲು ರಕ್ತದಲ್ಲಿನ ಸಿಸಿ-16 ಎಂಬ ಪ್ರೋಟೀನಿನ ಮಟ್ಟ ನೋಡುವ ಸರಳ ಕಿಟ್ಟನ್ನೂ ಈ ಸಂಸ್ಥೆ ರೂಪಿಸಿದೆ.

ಧೂಳನ್ನು ಅಳೆಯುವ ಬಗೆ ಹೀಗೆ. ಕಾರ್ಮಿಕನ ಸೊಂಟಕ್ಕೆ ಬ್ಯಾಟರಿಯ ಸಣ್ಣ ಪಂಪು, ಅಂಗಿಯ ಕೊರಳಪಟ್ಟಿಯ ಬಳಿ ಬೆರಳುದ್ದದ ಶೋಧಕ. ಪಾಳಿಯುದ್ದಕ್ಕೂ ಅವನು ಉಸಿರಾಡುವ ಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ದಪ್ಪ ಕಣ ಬೇರ್ಪಟ್ಟು ನುಣ್ಣನೆಯದು ಜಾಳಿಯ ಮೇಲೆ ಕೂರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ತೂಗುತ್ತಾರೆ. ಒಂದು ಘನ ಮೀಟರ್ ಗಾಳಿಯಲ್ಲಿ ಸಿಲಿಕಾ 0.05 ಮಿಲಿಗ್ರಾಂ ಮೀರಬಾರದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಶ್ 1974ರಲ್ಲೇ ಶಿಫಾರಸು ಮಾಡಿತ್ತು. ಎಂಟು ತಾಸಿನ ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಒಳಹೋಗುತ್ತದೆಂದು ಲೆಕ್ಕ ಹಾಕಿದರೆ, ಈ ಮಿತಿ ದಿನಕ್ಕೆ ಅರ್ಧ ಮಿಲಿಗ್ರಾಂ, ಎಂದರೆ ಪುಡಿಯುಪ್ಪಿನ ಕೆಲವೇ ಹರಳಿನಷ್ಟು. ಆ ಶಿಫಾರಸು ಅಲ್ಲಿನ ಕಾರ್ಖಾನೆ, ಕಟ್ಟಡ ಕೆಲಸಗಳಿಗೆ ಕಡ್ಡಾಯ ನಿಯಮವಾದದ್ದು 2016ರಲ್ಲಿ.

ತಡೆಗಟ್ಟುವಿಕೆ ಮತ್ತು ತರಬೇತಿ: ಧೂಳನ್ನು ಹುಟ್ಟುವಲ್ಲೇ ಅಡಗಿಸುವುದು ಮೊದಲ ಕ್ರಮ. ಬೈರಿಗೆಯ ಟೊಳ್ಳು ಕಂಬಿಯ ಮೂಲಕ ನೀರು ಹಾಯಿಸಿ ಕುಳಿ ಕೊರೆದರೆ ಧೂಳು ಕೆಸರಾಗಿ ಹರಿದುಬರುತ್ತದೆ. ಕ್ರಷರ್‌ನಲ್ಲಿ ಕಲ್ಲು ಬೀಳುವ ಬಾಯಿಗೆ ನೀರಿನ ತುಂತುರು, ಬೆಲ್ಟು ಮತ್ತು ಜರಡಿಗೆ ಮುಚ್ಚಿಗೆ, ಮುಚ್ಚಿದ ಕಡೆಗಳಲ್ಲಿ ಧೂಳು ಹೀರುವ ಫ್ಯಾನು ಇರಬೇಕು. ಮಾಸ್ಕ್ ಬರುವುದು ಇವೆಲ್ಲದರ ಆಮೇಲೆ. ನಮ್ಮಲ್ಲಿ ಕ್ರಮ ತಿರುಗುಮುರುಗು: ಮೊದಲು ಮಾಸ್ಕ್ ಹಂಚಿ ಫೋಟೊ ತೆಗೆಸಿಕೊಳ್ಳುತ್ತಾರೆ, ನೀರಿನ ಪೈಪು ಬರುವುದೇ ಇಲ್ಲ. ಮುಖಕ್ಕೆ ಸುತ್ತಿಕೊಳ್ಳುವ ಟವೆಲ್ಲಂತೂ ದಪ್ಪ ಧೂಳನ್ನು ತಡೆದು ಸಣ್ಣದನ್ನು ಒಳಗೆ ಬಿಡುತ್ತದೆ.

ಗಣಿಗೆ ಹೊಸದಾಗಿ ಸೇರುವವರಿಗೆ ತರಬೇತಿಯನ್ನು 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಕಡ್ಡಾಯ ಮಾಡಿದವು. ಒಳ್ಳೆಯ ತರಬೇತಿಗೆ ಭಾಷಣಕ್ಕಿಂತ ತೋರಿಸುವುದು ಮುಖ್ಯ. ಧೂಳಿನ ಆಚೆ ಬದಿಯಿಂದ ಪ್ರಖರವಾದ ಟಾರ್ಚ್ ಬಿಟ್ಟು ಈಚೆಯಿಂದ ನೋಡಿದರೆ, ಸ್ವಚ್ಛವೆಂದು ತೋರುತ್ತಿದ್ದ ಗಾಳಿಯಲ್ಲಿ ಹೊಗೆಯಂತೆ ತೇಲುವ ಕಣಗಳು ಕಾಣುತ್ತವೆ. ಒಮ್ಮೆ ಇದನ್ನು ಕಂಡವರಿಗೆ ಒಣ ಪೊರಕೆಯಲ್ಲಿ ಶೆಡ್ ಗುಡಿಸಬಾರದೆಂದು ಮತ್ತೆ ಮತ್ತೆ ಹೇಳಬೇಕಿಲ್ಲ. ಆದರೆ ನೀರಿನ ಸಂಪರ್ಕ ಕೊಡುವವನು ಕೂಲಿಯವನಲ್ಲ. ಮಾಲೀಕ, ಮೇಸ್ತ್ರಿಗಳು ಕೂರದ ತರಬೇತಿ ಅರ್ಧ ತರಬೇತಿ.

ಪತ್ತೆ ಮತ್ತು ಪರಿಹಾರ: ಎದೆಯ ಎಕ್ಸ್‌ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಚಿತ್ರಗಳೊಂದಿಗೆ ಹೋಲಿಸಿ ರೋಗ ನಿರ್ಧರಿಸುತ್ತಾರೆ. ಹಳ್ಳಿಗಾಡಿನಲ್ಲಿ ಇದು ಬಹಳ ಸಲ ಬರಿಯ ಟಿಬಿ ಎನಿಸಿಕೊಳ್ಳುತ್ತದೆ. ರೋಗಿಯನ್ನು ಅವನ ಕಸುಬು ಯಾವುದೆಂದು ಕೇಳಬೇಕೆಂದು ಇಟಲಿಯ ವೈದ್ಯ ರಮಜ್ಜೀನಿ 1700ರಲ್ಲೇ ಬರೆದಿದ್ದ. ಆ ಪ್ರಶ್ನೆ ಇಂದಿಗೂ ಹೊರರೋಗಿ ಚೀಟಿಯಲ್ಲಿ ಅಪರೂಪ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು. ಗುಜರಾತಿನ ಬೆಣಚು ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಕಾರ್ಮಿಕರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. 2019ರಲ್ಲಿ ರಾಜಸ್ಥಾನ ಸಿಲಿಕೋಸಿಸ್ ಸೇರಿದಂತೆ ಧೂಳಿನ ಶ್ವಾಸಕೋಶ ರೋಗಗಳಿಗೆಂದೇ ನೀತಿಯೊಂದನ್ನು ತಂದಿತು.

ಪರಿಹಾರ ಕೇಳುವಾಗ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕಾಗುತ್ತದೆ, ಗುತ್ತಿಗೆ ಕೂಲಿಗಳ ಹೆಸರು ಎಷ್ಟೋ ಸಲ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಕಲ್ಲು ಕೆಲಸಕ್ಕೆ ಹೋಗುವವರು ಕೂಲಿ ಚೀಟಿ, ಗುರುತಿನ ಕಾರ್ಡು, ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಇಟ್ಟುಕೊಳ್ಳಬೇಕು. ಕೆಮ್ಮಿಗೆ ಮದ್ದು ಕೇಳಲು ಹೋದಾಗ ವೈದ್ಯರು ಕೇಳದಿದ್ದರೂ ತಮ್ಮ ಕಸುಬನ್ನು ಹೇಳಬೇಕು.