ಭೂಮಿ ಯೋಜನೆ: ಹಳೇ ಎಕ್ಸೆಲ್ ಬಂದ್ ಮಾಡಿದ ಕತೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಕೆಲವು ವರ್ಷಗಳ ಹಿಂದೆ, ಮಹಾಪೆಯ ಒಂದು ಆಫೀಸಿನಲ್ಲಿ, ನಾನಿದ್ದ ತಂಡ ಒಂಬತ್ತು ತಿಂಗಳು ಕೂತು ಒಂದು ಬಿಸಿನೆಸ್ ಇಂಟೆಲಿಜೆನ್ಸ್ ಪ್ರಾಜೆಕ್ಟ್ ಕಟ್ಟಿತು. ಡೇಟಾ ವೇರ್‌ಹೌಸ್, ರಾತ್ರಿ ಓಡುವ ಜಾಬ್‌ಗಳು, ಬಣ್ಣಬಣ್ಣದ ಡ್ಯಾಶ್‌ಬೋರ್ಡ್, ಎಲ್ಲಾ ಇತ್ತು. ಗೋ-ಲೈವ್ ದಿನ ಕೇಕೂ ಕಟ್ ಆಯ್ತು. ಮೂರು ತಿಂಗಳಾದ ಮೇಲೆ ಲಾಗ್ ತೆಗೆದು ನೋಡಿದರೆ ದಿನಾ ಲಾಗಿನ್ ಆಗ್ತಿದ್ದವರು ನಾಲ್ಕೇ ಜನ, ಅದರಲ್ಲಿ ಇಬ್ಬರು ನಮ್ಮ ಟೀಮಿನವರು! ಸೋಮವಾರದ ಮೀಟಿಂಗಿಗೆ ಯಥಾಪ್ರಕಾರ ಸೇಲ್ಸ್ ಮ್ಯಾನೇಜರ ಎಕ್ಸೆಲ್ ಶೀಟೇ ಬರ್ತಿತ್ತು. ನಾನು ಟೂಲ್ ಸರಿಯಿಲ್ಲ ಅಂದುಕೊಂಡೆ. ನನ್ನ ಬಾಸ್ ಜನ ಸರಿಯಿಲ್ಲ ಅಂದುಕೊಂಡರು.

ಉತ್ತರ ಸಿಕ್ಕಿದ್ದು ಊರಲ್ಲಿ, ಅಪ್ಪನ ಜೊತೆ ಪಹಣಿ ತರೋಕೆ ನಾಡಕಚೇರಿಯ ಕ್ಯೂನಲ್ಲಿ ನಿಂತಾಗ. ಅಲ್ಲಿಂದ ವಾಪಸ್ ಬಂದವನೇ ‘ಭೂಮಿ’ ಯೋಜನೆಯ ಇತಿಹಾಸ ಹುಡುಕಿ ಓದಿದೆ.

ಮೊದಲಿನ ಸ್ಥಿತಿ ನೋಡಿ. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತು. ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ, ಒಬ್ಬೊಬ್ಬರಿಗೆ ಮೂರು-ನಾಲ್ಕು ಹಳ್ಳಿ. ಬೆಳೆಸಾಲಕ್ಕೆ ಪಹಣಿ ಬೇಕು ಅಂದ್ರೆ ಮೊದಲು ಅವರು ಇವತ್ತು ಯಾವ ಹಳ್ಳಿಯಲ್ಲಿದ್ದಾರೆ ಅಂತ ಪತ್ತೆ ಹಚ್ಚಬೇಕು, ಆಮೇಲೆ ಕೈ ಬಿಸಿ ಮಾಡಬೇಕು. ಪುಸ್ತಕದಲ್ಲಿ ಏನು ಬರೆದಿದೆ ಅನ್ನೋದು ಅವರಿಗೆ ಬಿಟ್ಟು ಬೇರೆಯವರಿಗೆ ಸುಲಭವಾಗಿ ಗೊತ್ತಾಗ್ತಿರಲಿಲ್ಲ. ನನ್ನ ಪಕ್ಕದ ಡೆಸ್ಕಿನ ಮರಾಠಿ ಗೆಳೆಯನಿಗೆ ಇದನ್ನು ಹೇಳಿದಾಗ, ‘ನಮ್ಮಲ್ಲೂ ಸಾತ್-ಬಾರಾ, ತಲಾಠಿ, ಅದೇ ಕತೆ’ ಅಂತ ನಕ್ಕ.

ಇದನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ‘ಭೂಮಿ’ಗಿಂತ ಮೊದಲೇ ನಡೆದಿತ್ತು. 1991ರಲ್ಲೇ ಪೈಲಟ್ ಶುರುವಾಯ್ತು, 1996ರ ಹೊತ್ತಿಗೆ ಎಲ್ಲ ಜಿಲ್ಲೆಗೂ ಯೋಜನೆ ಬಂತು. ಆದರೂ ಕೆಲಸಕ್ಕೆ ಬರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಕಾರಣ. ಪಹಣಿ ದಿನಾ ಬದಲಾಗುವುದು ತಾಲ್ಲೂಕಿನಲ್ಲಿ: ಒಬ್ಬ ಮಾರಿದ, ಒಬ್ಬ ತೀರಿಕೊಂಡ, ಅಣ್ಣತಮ್ಮಂದಿರು ಪಾಲಾದರು. ಆದರೆ ತಾಲ್ಲೂಕು ಕಚೇರಿಗೆ ಕಂಪ್ಯೂಟರ್ ಕೊಡುವ ಯೋಚನೆಯೇ ಆ ಯೋಜನೆಯಲ್ಲಿರಲಿಲ್ಲ. ಹಾಗಾಗಿ ಕಂಪ್ಯೂಟರಿನೊಳಗಿನ ಪಹಣಿ ಎಂಟ್ರಿ ಮಾಡಿದ ಮರುದಿನದಿಂದಲೇ ಹಳಸತೊಡಗಿತು, ನಿಜವಾದ ಲೆಕ್ಕ ಗ್ರಾಮಲೆಕ್ಕಿಗರ ಬ್ಯಾಗಿನಲ್ಲೇ ಉಳಿಯಿತು. ಇದನ್ನು ಓದಿದಾಗ ನಮ್ಮ ಡ್ಯಾಶ್‌ಬೋರ್ಡೇ ಕಣ್ಣಮುಂದೆ ಬಂತು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮತ್ತೊಮ್ಮೆ ಇದಕ್ಕೆ ಕೈಹಾಕಿದರು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಈ ಸಲ ಕಂಪ್ಯೂಟರ್ ತಾಲ್ಲೂಕಿಗೇ ಹೋಯಿತು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳ ಡೇಟಾ ಎಂಟ್ರಿ ನಡೆಯಿತು. ಎಂಟ್ರಿಯಾದ ಮೇಲೆ ಪ್ರಿಂಟ್ ತೆಗೆದು ಅದೇ ಗ್ರಾಮಲೆಕ್ಕಿಗರ ಕೈಯಲ್ಲೇ ಪರಿಶೀಲನೆ ಮಾಡಿಸಿದರು. ಆಮೇಲೆ ‘ಈ ಡೇಟಾ ನಮ್ಮದಲ್ಲ’ ಅನ್ನೋಕೆ ಅವರಿಗೆ ದಾರಿಯಿರಲಿಲ್ಲ. ನಾವು ಯುಎಟಿ ಅಂತ ಮೇಲ್ ಕಳಿಸಿ, ಎರಡು ದಿನ ಉತ್ತರ ಬರದಿದ್ದರೆ ಒಪ್ಪಿಗೆ ಅಂದುಕೊಳ್ತೀವಲ್ಲ, ಹಾಗಲ್ಲ ಇದು.

ನಿಜವಾದ ಪೆಟ್ಟು ಬಿದ್ದದ್ದು ಇದಾದ ಮೇಲೆ. ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾಯಿತೋ, ಅಲ್ಲಿ ಕೈಬರಹದ ಪಹಣಿ ಅಸಿಂಧು ಎಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ಎರಡೂ ಇರಲಿ, ಜನ ನಿಧಾನಕ್ಕೆ ಅಭ್ಯಾಸ ಮಾಡ್ಕೊಳ್ಳಲಿ ಅನ್ನೋ ಮಾತೇ ಇಲ್ಲ. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪ್ರಿಂಟ್ ಸಿಗುತ್ತಿತ್ತು. ಆಪರೇಟರ್ ಏನು ಮಾಡ್ತಿದ್ದಾನೆ ಅಂತ ರೈತನಿಗೂ ಕಾಣಲಿ ಎಂದು ಅವನ ಕಡೆ ಮುಖ ಮಾಡಿದ ಎರಡನೇ ಸ್ಕ್ರೀನ್. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದವರಿಗೆ ಮೊದಲು ಎಂಬ ಸರತಿ. ನೌಕರರು ಸಿಸ್ಟಮ್ಮಿನೊಳಗೆ ಹೋಗಬೇಕಾದರೆ ಬೆರಳಚ್ಚು, ಹಾಗಾಗಿ ಪಾಸ್‌ವರ್ಡ್ ಯಾರೋ ಕದ್ದರು ಅನ್ನೋ ನೆಪ ನಡೆಯಲ್ಲ. ಸಾಫ್ಟ್‌ವೇರ್ ಚೆನ್ನಾಗಿತ್ತು ಅಂತ ‘ಭೂಮಿ’ ನಿಲ್ಲಲಿಲ್ಲ. ಹಳೇ ಪುಸ್ತಕಕ್ಕೆ ಬೆಲೆ ಇಲ್ಲ ಅಂತ ಹೇಳುವ ಅಧಿಕಾರ, ಧೈರ್ಯ ಎರಡೂ ಇದ್ದವರು ಅದರ ಬೆನ್ನಿಗಿದ್ದರು.

ಹಾಗಂತ ಇದೇನು ಪುರಾಣಕತೆ ಅಲ್ಲ. ಮಾಹಿತಿ ಹಳ್ಳಿಯಿಂದ ಮೇಲಕ್ಕೆ ಹೋದಾಗ ಅದರ ಲಾಭ ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೂ ಆಯಿತು, ಲಂಚ ಹೋಗದೆ ಇನ್ನೂ ಹೆಚ್ಚಾಯಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ನನಗೆ ಆ ಟೀಕೆ ತಳ್ಳಿಹಾಕುವಂಥದ್ದು ಅನ್ನಿಸಲ್ಲ. ಡೇಟಾ ಎಲ್ಲರಿಗೂ ಕಾಣುವ ಹಾಗಾದಾಗ, ಅದನ್ನು ಓದೋಕೆ ಬರುವವನಿಗೇ ಜಾಸ್ತಿ ಲಾಭ. ಕಂಪನಿಯಲ್ಲೂ ಅಷ್ಟೇ.

ಮಹಾಪೆಗೆ ವಾಪಸ್ ಬಂದು ನಾನು ಮಾಡಿದ ಮೊದಲ ಕೆಲಸ ಆ ಸೇಲ್ಸ್ ಮ್ಯಾನೇಜರ ಪಕ್ಕ ಕುರ್ಚಿ ಹಾಕ್ಕೊಂಡು ಎರಡು ದಿನ ಕೂತಿದ್ದು. ಡೀಲರ್‌ಗಳಿಗೆ ಫೋನಿನಲ್ಲಿ ಒಪ್ಪಿಕೊಂಡ ಡಿಸ್ಕೌಂಟ್, ವಾಪಸ್ ಬಂದ ಮಾಲು, ಇವೆಲ್ಲ ಇಆರ್‌ಪಿಗೆ ತಿಂಗಳ ಕೊನೆಗೆ ಬರುತ್ತಿದ್ದವು, ಅವರ ಶೀಟಿಗೆ ಅವತ್ತೇ ಬರುತ್ತಿದ್ದವು. ಅಂದರೆ ಅವರ ಎಕ್ಸೆಲ್ಲೇ ಸರಿ, ನಮ್ಮ ಡ್ಯಾಶ್‌ಬೋರ್ಡೇ ತಪ್ಪು! ಆ ಎಂಟ್ರಿಗಳಿಗೆ ಒಂದು ಸಣ್ಣ ಸ್ಕ್ರೀನ್ ಮಾಡಿಕೊಟ್ಟೆವು, ಮೊದಲ ತಿಂಗಳು ನಂಬರ್‌ಗಳನ್ನು ಅವರ ಕೈಯಲ್ಲೇ ಚೆಕ್ ಮಾಡಿಸಿದೆವು. ಆಮೇಲೆ ನಮ್ಮ ಬಿಸಿನೆಸ್ ಹೆಡ್ ಒಂದು ಸೋಮವಾರ, ಇನ್ನುಮುಂದೆ ಈ ರೂಮಿನಲ್ಲಿ ಎಕ್ಸೆಲ್ ತೆರೆಯೋ ಹಾಗಿಲ್ಲ ಅಂದರು. ಎರಡು ವಾರ ಬೈಗುಳ ತಿಂದೆವು. ಮೂರನೇ ವಾರ ಅದೇ ಮ್ಯಾನೇಜರ್ ಫೋನ್ ಮಾಡಿ ‘ರಾತ್ರಿ ಜಾಬ್ ಯಾಕೆ ಫೇಲ್ ಆಗಿದೆ?’ ಅಂತ ಗದರಿದರು. ಅವತ್ತು ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಮನೆಗೆ ಹೋಗ್ತಾ ಘನ್ಸೋಲಿ ಸ್ಟೇಷನ್ ಹತ್ತಿರ ವಡಾಪಾವ್ ಪಾರ್ಟಿ ಕೊಡಿಸಿದೆ.

ಅಪ್ಪನ ಪಹಣಿ ವಿಷಯ ಹೇಳೋದು ಮರೆತೆ. ಕೈಬರಹದ ಪುಸ್ತಕದಲ್ಲಿ ಅಜ್ಜನ ಹೆಸರಿನ ಒಂದಕ್ಷರ ತಪ್ಪಿತ್ತು, ಅದು ಹಾಗೇ ಕಂಪ್ಯೂಟರಿಗೂ ಬಂದಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇವೆ, ದೀಪಾವಳಿಗೆ ಊರಿಗೆ ಹೋದಾಗ ಮತ್ತೆ ವಿಚಾರಿಸಬೇಕು.