ಉಪಗ್ರಹಕ್ಕೆ ನಿಮ್ಮ ತೋಟದ ಅಂತರ್ಜಲ ಕಾಣುತ್ತದೆಯೇ?

"ಲೊಕೇಶನ್ ಕಳುಹಿಸಿ ಸಾಕು, ಉಪಗ್ರಹದಿಂದಲೇ ಬೋರ್‌ವೆಲ್ ಪಾಯಿಂಟ್ ಹೇಳುತ್ತೇವೆ." ಬೇಸಿಗೆ ಬಂತೆಂದರೆ ಇಂಥ ಸಂದೇಶಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಸಕಲೇಶಪುರ, ಆಲೂರು ಕಡೆ ಕಾಫಿ ಗಿಡ ಹೂಮಳೆಗಾಗಿ ಕಾಯುವ ಹೊತ್ತೂ ಅದೇ. ಆತುರದಲ್ಲಿ ಬೋರ್ ಕೊರೆಸಿ ಲಕ್ಷಗಟ್ಟಲೆ ಹಣ ಕಳೆದುಕೊಳ್ಳುವ ಮೊದಲು ನಿಜಾಂಶ ತಿಳಿಯೋಣ.

ನೆಲದಡಿಯ ನೀರು ಕಾಣುತ್ತದೆಯೇ?

ನೇರವಾಗಿ ಕಾಣುವುದಿಲ್ಲ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಏರಿಳಿತ ಅಳೆದು, ಅಂತರ್ಜಲ ಕುಸಿಯುತ್ತಿರುವುದನ್ನು ತೋರಿಸಿದವು ನಿಜ. ಆದರೆ ಅದು ನೂರಾರು ಕಿಲೋಮೀಟರ್ ಅಗಲದ ಪ್ರದೇಶದ ಲೆಕ್ಕ. ಒಂದು ತೋಟ ಅದರಲ್ಲಿ ಚುಕ್ಕಿಯೂ ಅಲ್ಲ.

ಇಸ್ರೋದ ಭುವನ್ ತಾಣದಲ್ಲಿ ಅಂತರ್ಜಲ ಸಾಧ್ಯತೆಯ ನಕ್ಷೆಗಳಿವೆ. ಉಪಗ್ರಹ ಚಿತ್ರದಲ್ಲಿ ಕಾಣುವ ಬಂಡೆಯ ಬಿರುಕು, ಕಣಿವೆ, ಭೂರಚನೆ ನೋಡಿ ಅವನ್ನು ತಯಾರಿಸಲಾಗಿದೆ. ಅವುಗಳ ಅಳತೆ 1:50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಎಲ್ಲಿ ಹುಡುಕಬಹುದು ಎಂದು ಅವು ಹೇಳುತ್ತವೆ, ಎಲ್ಲಿ ಕೊರೆಯಬೇಕು ಎಂದಲ್ಲ. ಗಟ್ಟಿ ಬಂಡೆಯ ನಮ್ಮ ನೆಲದಲ್ಲಿ ನೀರಿರುವುದು ಶಿಥಿಲ ಪದರ ಮತ್ತು ಬಿರುಕುಗಳಲ್ಲಿ ಮಾತ್ರ. ಹತ್ತಾರು ಅಡಿ ಅತ್ತಿತ್ತ ಆದರೂ ಫಲಿತಾಂಶ ಬೇರೆ. ಕೊರೆಯುವ ಮುನ್ನ ಭೂವಿಜ್ಞಾನಿಯ ಸ್ಥಳ ಪರೀಕ್ಷೆ ಬೇಕೇ ಬೇಕು.

ಮಣ್ಣಿನ ತೇವ?

2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹ ಅಳೆಯುವುದು ಮಣ್ಣಿನ ಮೇಲಿನ ಸುಮಾರು 5 ಸೆಂ.ಮೀ. ತೇವವನ್ನು. ಅದರ ಮೂಲ ಅಳತೆ ಸುಮಾರು 40 ಕಿ.ಮೀ. ಅಗಲದ ಸರಾಸರಿ. ಹೆಚ್ಚುಕಡಿಮೆ ಸಕಲೇಶಪುರದಿಂದ ಹಾಸನಕ್ಕಿರುವ ದೂರ! ಘಟ್ಟದಂಚಿನ ಮಳೆಗೂ ಆಲೂರಿನ ಮಳೆಗೂ ಇರುವ ಅಜಗಜಾಂತರ ಆ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರ 10 ಮೀಟರ್‌ನಷ್ಟು ಸ್ಪಷ್ಟ. ಆದರೆ ಮೋಡವಿದ್ದರೆ ಅದಕ್ಕೆ ನೆಲ ಕಾಣದು. ಜೊತೆಗೆ ಕಾಫಿ ತೋಟದಲ್ಲಿ ಅದಕ್ಕೆ ಕಾಣುವುದು ಬಹುಮಟ್ಟಿಗೆ ಸಿಲ್ವರ್ ಓಕ್ ಮತ್ತಿತರ ನೆರಳು ಮರಗಳ ನೆತ್ತಿ. ಕೆಳಗಿನ ಗಿಡದ ಮೊಗ್ಗು ಬಲಿತಿದೆಯೇ ಎಂಬುದು ನಿಮಗೆ ಮಾತ್ರ ಗೊತ್ತು.

ಹಾಗಾದರೆ ಉಪಗ್ರಹ ದಂಡವೇ?

ಖಂಡಿತ ಅಲ್ಲ. ನೆಲದ ಅಳತೆ ಜೊತೆಗೂಡಿದರೆ ಅದಕ್ಕೆ ಬೆಲೆ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮತ್ತು ಫ್ರಾನ್ಸಿನ ಸಂಶೋಧಕರು ಹೊಲಗಳ ತೇವ, ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು ಉಪಗ್ರಹದ ಅಂದಾಜಿನ ಜೊತೆ ತಾಳೆ ನೋಡಿದ್ದಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆ. ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಮಳೆ ಮುನ್ಸೂಚನೆ ಕೇಳಬಹುದು.

ನೀವು ಮಾಡಬಹುದಾದ ಲೆಕ್ಕ

ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರ್. ರೊಬಸ್ಟಾಕ್ಕೆ ಹೂ ನೀರು ಕೊಡುವಾಗ ಸಾಮಾನ್ಯವಾಗಿ ಒಂದು ಇಂಚು ಅಥವಾ ಇನ್ನೂ ತುಸು ಹೆಚ್ಚು ಬೇಕು. ನಿಮ್ಮ ಮಳೆ ಮಾಪಕದಲ್ಲಿ 40 ಸೆಂಟ್ ಮಳೆ ಬಿದ್ದಿದ್ದರೆ, ಒಂದು ಇಂಚಿಗೆ ಉಳಿದ 60 ಸೆಂಟ್ ಮಾತ್ರ ಸ್ಪ್ರಿಂಕ್ಲರ್‌ನಿಂದ ಕೊಟ್ಟರಾಯಿತು. ಎಕರೆಗೆ 40 ಸಾವಿರ ಲೀಟರ್ ಉಳಿತಾಯ. ಅಷ್ಟು ನೀರು ಹಳ್ಳದಲ್ಲೇ ಉಳಿದರೆ ಕೆಳಗಿನ ಊರಿನವರಿಗೂ, ದನಕರುಗಳಿಗೂ ಆಯಿತು.

ಮುಂದಿನ ಬಾರಿ "ಉಪಗ್ರಹ ಪಾಯಿಂಟ್" ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: "ನೆಲಕ್ಕೆ ಬಂದು ಅಳೆದಿದ್ದೀರಾ?" ಉತ್ತರ ಇಲ್ಲವೆಂದಾದರೆ ಫಾರ್ವರ್ಡ್ ಮಾಡಬೇಡಿ.